ಊರ ಉಸಾಬರಿ ಬೇಡ ಅನ್ನುವ ಕನ್ಸರ್ವೇಟಿವ್‌ಗಳು ಅಮೆರಿಕದಲ್ಲಿ ನಿಜಕ್ಕೂ ಇದ್ದರಾ?

ಕಾಫಿ_ಕಡುಕಪ್ಪು:

ಗೌರಿ ಹಬ್ಬಕ್ಕೆ ಡಲ್ಲಾಸ್‌ನಿಂದ ಭಾವ ಬಂದಿದ್ದರು. ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕೂತಾಗ ಮಾತು ಅಮೆರಿಕದ ಕಡೆ ತಿರುಗಿತು. ನಾನು ಸುಮ್ನೆ ಇರಲಾರದೆ "ನಿಮ್ಮ ರಿಪಬ್ಲಿಕನ್ನರಿಗೆ ಯುದ್ಧ ಅಂದ್ರೆ ಹೋಳಿಗೆ ಊಟ" ಅಂದೆ. ಅವರು ಎಲೆ ಜಗಿಯುವುದನ್ನೇ ನಿಲ್ಲಿಸಿದರು. ನಿಜವಾದ ಕನ್ಸರ್ವೇಟಿವ್‌ಗಳು ಹೊರಗಿನ ಜಗಳಕ್ಕೆ ಕೈ ಹಾಕುವವರೇ ಅಲ್ಲ, ರಾಬರ್ಟ್ ಟಾಫ್ಟ್ ಅನ್ನುವ ಸೆನೆಟರ್ ನೇಟೋ (ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಒಕ್ಕೂಟ) ಕೂಡ ಬೇಡ ಅಂದಿದ್ದರು, ಬುಷ್ ಮತ್ತು ಅವರ ಕಡೆಯವರು ಆಮೇಲೆ ಬಂದು ಗದ್ದುಗೆ ಹಿಡಿದವರು ಅಂತ ಅರ್ಧ ಗಂಟೆ ಹೇಳಿದರು.

ನಾನು ನಂಬಲಿಲ್ಲ. 2003ರಲ್ಲಿ ನಾನು ಪಿಯುಸಿ. ಬಾಗ್ದಾದ್ ಮೇಲೆ ಬಾಂಬ್ ಬೀಳುವುದನ್ನು ಟಿವಿಯಲ್ಲಿ ನೋಡಿ ಬೆಳೆದವನಿಗೆ ಕನ್ಸರ್ವೇಟಿವ್ ಅಂದ್ರೆ ಟ್ಯಾಂಕ್ ಮತ್ತು ಬಾವುಟ, ಅಷ್ಟೇ. ಆದ್ರೆ ರಾತ್ರಿ ಹುಡುಕಿ ನೋಡಿದರೆ ಟಾಫ್ಟ್ ವಿಷಯ ನಿಜ. 1949ರಲ್ಲಿ ಸೆನೆಟ್ 82ಕ್ಕೆ 13 ಮತಗಳಿಂದ ನೇಟೋ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟಿದೆ, ಆ 13ರಲ್ಲಿ ಈ ಮನುಷ್ಯ ಇದ್ದಾರೆ. ಅದೂ ಮೂಲೆಯಲ್ಲಿ ಕೂತ ಸೆನೆಟರ್ ಅಲ್ಲ, "ಮಿಸ್ಟರ್ ರಿಪಬ್ಲಿಕನ್" ಅಂತ ಪಕ್ಷದವರೇ ಹೆಸರಿಟ್ಟಿದ್ದ ಮುಖಂಡ.

ಹಾಗಾದ್ರೆ ಇದು ಎಲ್ಲಿಂದ ಬಂದಿದ್ದು? ಇವರು ಶಾಂತಿವಾದಿಗಳಾ, ಗಾಂಧಿ ತರಹ? ಅಥವಾ ದುಡ್ಡು ಉಳಿಸುವ ಜಿಪುಣತನವಾ? ತಿಳಿದವರು ಹೇಳಿ. ದೀಪಾವಳಿಗೆ ಭಾವ ವಿಡಿಯೋ ಕಾಲ್ ಮಾಡ್ತಾರೆ, ಅಷ್ಟರಲ್ಲಿ ತಯಾರಾಗಬೇಕು.


ಹಳೇಪೇಟೆ_ಮೇಷ್ಟ್ರು:

ನಿಮ್ಮ ಭಾವ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಬೇರೆ ಯಾರಾದರೂ ಕೀಳುತ್ತಾರೆ, ನಾನು ಸರಿ ಇರುವುದನ್ನು ಹೇಳ್ತೀನಿ.

ಶುರು ಜಾರ್ಜ್ ವಾಷಿಂಗ್ಟನ್‌ನಿಂದ. 1796ರಲ್ಲಿ ಅಧಿಕಾರ ಬಿಡುವ ಮುಂಚೆ ಆತ ಒಂದು ವಿದಾಯ ಪತ್ರ ಬರೆದ. ಭಾಷಣ ಅಂತ ಎಲ್ಲರೂ ಹೇಳ್ತಾರೆ, ಆದ್ರೆ ಆತ ಅದನ್ನು ಎಲ್ಲೂ ಓದಲಿಲ್ಲ, ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಅದರಲ್ಲಿದ್ದ ಬುದ್ಧಿಮಾತು ಇಷ್ಟು: ಎಲ್ಲರ ಜೊತೆ ವ್ಯಾಪಾರ ಮಾಡಿ, ಯಾವ ದೇಶವನ್ನೂ ಅತಿಯಾಗಿ ಪ್ರೀತಿಸಬೇಡಿ, ಅತಿಯಾಗಿ ದ್ವೇಷಿಸಲೂ ಬೇಡಿ, ಎರಡೂ ನಿಮ್ಮನ್ನು ಆ ದೇಶದ ಗುಲಾಮರನ್ನಾಗಿ ಮಾಡುತ್ತವೆ. ಆಗ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೀತಿತ್ತು. ಅಮೆರಿಕ ಸ್ವಾತಂತ್ರ್ಯ ಪಡೆದಿದ್ದೇ ಫ್ರಾನ್ಸಿನ ಸಹಾಯದಿಂದ, 1778ರ ಒಪ್ಪಂದ ಬೇರೆ ಇತ್ತು, ಋಣ ತೀರಿಸಿ ಅಂತ ಅರ್ಧ ದೇಶ ಕೂಗ್ತಿತ್ತು. ಆದರೂ ಆತ 1793ರಲ್ಲೇ ನಾವು ಯಾರ ಕಡೆಯೂ ಇಲ್ಲ ಅಂತ ಸಾರಿಬಿಟ್ಟಿದ್ದ.

ಆಮೇಲೆ 1821. ಜಾನ್ ಕ್ವಿನ್ಸಿ ಆಡಮ್ಸ್ ಆಗ ವಿದೇಶಾಂಗ ಮಂತ್ರಿ. ಜುಲೈ 4ರ ಭಾಷಣದಲ್ಲಿ, ಅಮೆರಿಕ ರಾಕ್ಷಸರನ್ನು ಹುಡುಕಿಕೊಂಡು ಹೋಗಿ ಕೊಲ್ಲುವ ದೇಶವಲ್ಲ ಅಂದ. ಎಲ್ಲರ ಸ್ವಾತಂತ್ರ್ಯಕ್ಕೂ ಹಾರೈಸುತ್ತದೆ, ಆದರೆ ಕಾಪಾಡುವುದು ತನ್ನದನ್ನು ಮಾತ್ರ. ಮುಂದಿನ ಮಾತನ್ನು ಜನ ಮರೀತಾರೆ, ನನಗೆ ಅದೇ ಮುಖ್ಯ. ಹಾಗೆ ಹೊರಟರೆ ಅಮೆರಿಕ ಜಗತ್ತಿನ ಸರ್ವಾಧಿಕಾರಿಯೇ ಆಗಬಹುದು, ಆದ್ರೆ ತನ್ನ ಮನಸ್ಸಿಗೆ ತಾನು ಒಡೆಯ ಆಗಿರುವುದಿಲ್ಲ ಅಂದ.

ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಇವರು ಗಾಂಧಿ ತರಹದವರಲ್ಲ. ಯುದ್ಧದಿಂದ ಶತ್ರುವಿಗೆ ಏನಾಗುತ್ತದೆ ಅನ್ನುವುದಕ್ಕಿಂತ ಯುದ್ಧ ನಮ್ಮ ಮನೆಯನ್ನು ಏನು ಮಾಡುತ್ತದೆ ಅನ್ನುವ ಭಯ ಇವರದ್ದು. ತೆರಿಗೆಯನ್ನೇ ನೋಡಿ. 1913ರಲ್ಲಿ ಅಲ್ಲಿ ಆದಾಯ ತೆರಿಗೆ ಬಂದಾಗ ಅತಿ ಶ್ರೀಮಂತರಿಗೂ ಮೇಲಿನ ದರ ಶೇ. 7. ಮೊದಲ ಮಹಾಯುದ್ಧಕ್ಕೆ ಇಳಿದ ಮೇಲೆ 1918ಕ್ಕೆ ಅದು ಶೇ. 77. 1944ರಲ್ಲಿ ಶೇ. 94. ಸಂಬಳ ಕೈಗೆ ಬರುವ ಮುಂಚೆಯೇ ತೆರಿಗೆ ಮುರಿದುಕೊಳ್ಳುವ ಪದ್ಧತಿ ಇದೆಯಲ್ಲ, ನಮ್ಮ ಟಿಡಿಎಸ್ ತರಹದ್ದು, ಅದು ಅಲ್ಲಿ ಎಲ್ಲ ನೌಕರರಿಗೂ ಬಂದಿದ್ದು 1943ರಲ್ಲಿ, ಯುದ್ಧದ ಖರ್ಚಿಗೆ. ಯುದ್ಧ ಮುಗಿಯಿತು, ಅದು ಮಾತ್ರ ಉಳೀತು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ ಅಂತೀವಲ್ಲ, ಇವರ ವಾದ ಅದು. ಸರ್ಕಾರ ಚಿಕ್ಕದಾಗಿರಬೇಕು ಅನ್ನುವವನು ಯುದ್ಧವನ್ನು ಹೇಗೆ ಒಪ್ಪುತ್ತಾನೆ ಹೇಳಿ.

ಇದಕ್ಕೆ ಒಳ್ಳೆಯ ಉದಾಹರಣೆ 1898. ಸ್ಪೇನ್ ಮೇಲೆ ಗೆದ್ದು, 2 ಕೋಟಿ ಡಾಲರ್ ಕೊಟ್ಟು ಅಮೆರಿಕ ಫಿಲಿಪ್ಪೀನ್ಸನ್ನು ತೆಗೆದುಕೊಂಡಿತು. ವಿರೋಧಿಸಿ ಬಾಸ್ಟನ್‌ನಲ್ಲಿ ಸಾಮ್ರಾಜ್ಯ ವಿರೋಧಿ ಲೀಗ್ ಹುಟ್ಟಿತು. ಅದರಲ್ಲಿ ಇದ್ದವರು ಯಾರು ಗೊತ್ತಾ? ಮಾಜಿ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್, ಉಕ್ಕಿನ ದೊರೆ ಕಾರ್ನೆಗಿ. ಯೇಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ವಿಲಿಯಂ ಗ್ರಹಾಂ ಸಮ್ನರ್, ಮುಕ್ತ ಮಾರುಕಟ್ಟೆಯ ಕಟ್ಟಾ ಬೆಂಬಲಿಗ, 1899ರ ಜನವರಿಯಲ್ಲಿ ಒಂದು ಉಪನ್ಯಾಸ ಕೊಟ್ಟ. ಅದರ ಹೆಸರೇ ಸ್ಪೇನ್ ಅಮೆರಿಕವನ್ನು ಗೆದ್ದ ಬಗೆ ಅಂತ. ರಣರಂಗದಲ್ಲಿ ನಾವು ಗೆದ್ದಿದ್ದೀವಿ, ಆದ್ರೆ ಬೇರೆಯವರ ನೆಲ ಆಳುವ ಸ್ಪೇನಿನ ಚಾಳಿ ನಮಗೆ ಹತ್ತಿಕೊಂಡಿದೆ, ಹಾಗಾಗಿ ಗೆದ್ದಿದ್ದು ಸ್ಪೇನೇ ಅಂದ. ಜನ ಬೈದರು ಅನ್ನಿ. ಮುಂದಿನ ತಿಂಗಳು ಫಿಲಿಪ್ಪೀನ್ಸಿನಲ್ಲಿ ಅಲ್ಲಿನವರೊಂದಿಗೆ ಯುದ್ಧ ಶುರುವಾಗಿ 4 ಸಾವಿರಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸತ್ತರು. ಫಿಲಿಪಿನೋಗಳು ಎಷ್ಟು ಪಾಲು ಜಾಸ್ತಿ ಅಂತ ಕೇಳಲೇಬೇಡಿ.


ಪೊಟೊಮ್ಯಾಕ್_ದಡ:

ಮೇಷ್ಟ್ರೇ, ಫಿಲಿಪ್ಪೀನ್ಸ್ ವಿಷಯಕ್ಕೆ ಒಂದು ಬಾಲ. ಅಲ್ಲಿಗೆ ಹೋದ ಮೊದಲ ಅಮೆರಿಕನ್ ಸಿವಿಲ್ ಗವರ್ನರ್ ವಿಲಿಯಂ ಹೋವರ್ಡ್ ಟಾಫ್ಟ್. ಮುಂದೆ ಅಧ್ಯಕ್ಷನೂ ಆದ. ನಮ್ಮ ರಾಬರ್ಟ್ ಟಾಫ್ಟ್ ಆತನ ಮಗ, ಹುಡುಗನಾಗಿ ಮನಿಲಾದಲ್ಲಿ ಇದ್ದು ಬಂದವನು. ಅಪ್ಪ ಸಾಮ್ರಾಜ್ಯ ನೋಡಿಕೊಂಡ, ಮಗ ಜೀವನವಿಡೀ ಅಂಥದ್ದು ಬೇಡ ಅಂದ.

ನಾನು ಕೆಲಸಕ್ಕೆ ಹೋಗುವ ದಾರಿಯಲ್ಲಿ, ವಾಷಿಂಗ್ಟನ್‌ನ ಸಂಸತ್ ಭವನ ಕ್ಯಾಪಿಟಲ್ ಪಕ್ಕದಲ್ಲೇ, ಟಾಫ್ಟ್ ಸ್ಮಾರಕದ ಗಂಟೆ ಗೋಪುರ ಇದೆ. 27 ಗಂಟೆಗಳು, 1959ರಲ್ಲಿ ಕಟ್ಟಿದ್ದು. ಕಾಲು ಗಂಟೆಗೊಮ್ಮೆ ಬಾರಿಸುತ್ತದೆ. ಮೂರು ವರ್ಷ ಅದರ ಕೆಳಗೆ ಓಡಾಡಿದ್ದೀನಿ, ಯಾರದು ಅಂತ ತಲೆ ಎತ್ತಿ ನೋಡಿರಲಿಲ್ಲ. ಊರಿನಿಂದ ಅಪ್ಪ ಬಂದಾಗ "ಇದು ಯಾರದಪ್ಪಾ" ಅಂತ ಕೇಳಿದ್ದಕ್ಕೆ ಓದಬೇಕಾಯಿತು.

ನೇಟೋಗೆ ಟಾಫ್ಟ್ ಯಾಕೆ ಬೇಡ ಅಂದರು ಅನ್ನುವುದನ್ನು ಜನ ತಪ್ಪಾಗಿ ಹೇಳ್ತಾರೆ. ರಷ್ಯಾ ಬಂದು ಯುರೋಪನ್ನು ತಿನ್ನಲಿ ಅಂತ ಅಲ್ಲ. ರಷ್ಯಾ ಪಶ್ಚಿಮ ಯುರೋಪಿನ ಮೇಲೆ ಬಿದ್ದರೆ ನಾವು ಯುದ್ಧಕ್ಕೆ ಬರ್ತೀವಿ ಅಂತ ಬಾಯಿಬಿಟ್ಟು ಹೇಳೋಣ, ಅದಕ್ಕೆ ನಾನೂ ಸೈ ಅಂದಿದ್ದರು. ತಕರಾರು ಇದ್ದಿದ್ದು ಬೇರೆ ಕಡೆ. ಒಪ್ಪಂದಕ್ಕೆ 20 ವರ್ಷ ಕಟ್ಟಿಹಾಕಿಕೊಳ್ಳಬೇಕು, ಅದರ ಜೊತೆಗೆ ಅಷ್ಟೂ ದೇಶಗಳಿಗೆ ಶಸ್ತ್ರ ಕೊಡಬೇಕು, ಶಸ್ತ್ರ ಕೊಟ್ಟರೆ ರಷ್ಯಾ ಹೆದರಿ ಇನ್ನಷ್ಟು ಕೆರಳುತ್ತದೆ, ಕೊನೆಗೆ ಯುದ್ಧಕ್ಕೆ ಹೋಗಬೇಕೋ ಬೇಡವೋ ಅನ್ನುವುದು ಕಾಂಗ್ರೆಸ್ (ಅಲ್ಲಿನ ಸಂಸತ್ತು) ಕೈಯಿಂದ ಜಾರಿ ಅಧ್ಯಕ್ಷನ ಜೇಬಿಗೆ ಹೋಗುತ್ತದೆ ಅಂತ.

ಅಧ್ಯಕ್ಷನ ಜೇಬಿನ ವಿಷಯದಲ್ಲಿ ಒಂದೇ ವರ್ಷದಲ್ಲಿ ಅವರ ಮಾತು ನಿಜವಾಯಿತು. 1950ರ ಜೂನ್‌ನಲ್ಲಿ ಟ್ರೂಮನ್ ಕಾಂಗ್ರೆಸ್ಸಿನ ಮತ ಕೇಳದೆ ಕೊರಿಯಾಗೆ ಸೇನೆ ಕಳಿಸಿದರು, ಇದು ಯುದ್ಧ ಅಲ್ಲ, ಪೊಲೀಸ್ ಕಾರ್ಯಾಚರಣೆ ಅಂದರು. ಟಾಫ್ಟ್ ಕೆಲವೇ ದಿನಗಳಲ್ಲಿ ಸೆನೆಟ್‌ನಲ್ಲಿ ಎದ್ದು, ಮತಕ್ಕೆ ಹಾಕಿದರೆ ನಾನು ಹೌದು ಅಂತಲೇ ಹೇಳ್ತಿದ್ದೆ, ಆದ್ರೆ ಕೇಳದೆ ಹೋಗುವ ಹಕ್ಕು ನಿಮಗಿಲ್ಲ ಅಂದರು. 1942ರ ಜೂನ್ ಆದ ಮೇಲೆ ಅಮೆರಿಕ ಕಾಂಗ್ರೆಸ್ ಯಾರ ಮೇಲೂ ವಿಧಿವತ್ತಾಗಿ ಯುದ್ಧ ಘೋಷಿಸಿಲ್ಲ. ಕೊನೆಯದು ಬಲ್ಗೇರಿಯಾ, ಹಂಗೇರಿ, ರುಮೇನಿಯಾ ಮೇಲೆ. ಅದರ ನಂತರ ವಿಯೆಟ್ನಾಂ ಆಯಿತು, ಇರಾಕ್ ಆಯಿತು, ಎಲ್ಲವೂ "ಅನುಮತಿ", "ಕಾರ್ಯಾಚರಣೆ" ಅನ್ನುವ ಹೆಸರಿನಲ್ಲಿ.

ಇನ್ನೊಂದು ಸ್ವಾರಸ್ಯ. ಷೇರು ಮಾರುಕಟ್ಟೆಯ ವಾರನ್ ಬಫೆಟ್ ಅಪ್ಪ ಹೋವರ್ಡ್ ಬಫೆಟ್, ನೆಬ್ರಾಸ್ಕಾದ ರಿಪಬ್ಲಿಕನ್ ಸಂಸದ, ಇದೇ ಗುಂಪು. ಗ್ರೀಸ್, ಟರ್ಕಿಗೆ 40 ಕೋಟಿ ಡಾಲರ್ ಕೊಡುವ ಟ್ರೂಮನ್ ಯೋಜನೆಯನ್ನು 1947ರಲ್ಲಿ ವಿರೋಧಿಸಿದ್ದರು.


ನೇರ_ಮಾತು:

ಎಲ್ಲಾ ಚೆನ್ನಾಗಿದೆ, ಗಂಟೆ ಗೋಪುರವೂ ಚೆನ್ನಾಗಿದೆ. ಯಾರೂ 1940-41ರ ಹೆಸರೇ ಎತ್ತುತ್ತಿಲ್ಲ ಯಾಕೆ? ಆ ಕಾಲು ಪಾಲು ನಾನೇ ಕೀಳ್ತೀನಿ.

ಅಮೆರಿಕ ಫಸ್ಟ್ ಕಮಿಟಿ, 1940ರ ಸೆಪ್ಟೆಂಬರ್. ಯೇಲ್ ವಿದ್ಯಾರ್ಥಿಗಳು ಶುರು ಮಾಡಿದ್ದು, ಅವರಲ್ಲಿ ಮುಂದೆ ಅಧ್ಯಕ್ಷನಾದ ಜೆರಾಲ್ಡ್ ಫೋರ್ಡ್ ಕೂಡ ಇದ್ದ. ಸಿಯರ್ಸ್ ಅಂಗಡಿಗಳ ಮುಖ್ಯಸ್ಥ ರಾಬರ್ಟ್ ವುಡ್ ಅಧ್ಯಕ್ಷ. ಸುಮಾರು 8 ಲಕ್ಷ ಸದಸ್ಯರು. ಇದರ ದೊಡ್ಡ ಮುಖ ಅಟ್ಲಾಂಟಿಕ್ ಸಾಗರವನ್ನು ಒಬ್ಬನೇ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್. 1941ರ ಸೆಪ್ಟೆಂಬರ್ 11ರಂದು ಅಯೋವಾದ ಡೆ ಮಾಯ್ನ್‌ನಲ್ಲಿ ಈತ ನಿಂತು, ದೇಶವನ್ನು ಯುದ್ಧಕ್ಕೆ ತಳ್ಳುತ್ತಿರುವವರು ಮೂರು ಗುಂಪು ಅಂದ: ಬ್ರಿಟಿಷರು, ಯಹೂದಿಗಳು, ರೂಸ್‌ವೆಲ್ಟ್ ಸರ್ಕಾರ. ಯುರೋಪಿನಲ್ಲಿ ಯಹೂದಿಗಳನ್ನು ಸಾಲಾಗಿ ನಿಲ್ಲಿಸಿ ಕೊಲ್ಲುತ್ತಿದ್ದ ತಿಂಗಳುಗಳು ಅವು. 1941ರ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ನೌಕಾನೆಲೆಯ ಮೇಲೆ ಬಿದ್ದ ನಾಲ್ಕೇ ದಿನಕ್ಕೆ ಕಮಿಟಿ ಬಾಗಿಲು ಹಾಕಿತು. ಅದೇ ದಿನ ಹಿಟ್ಲರ್ ತಾನೇ ಅಮೆರಿಕದ ಮೇಲೆ ಯುದ್ಧ ಸಾರಿದ. ಊರ ಉಸಾಬರಿ ನಮಗೆ ಬೇಡ ಅಂದ್ರೂ ಊರು ಬಿಡಬೇಕಲ್ಲ.

ಅದಕ್ಕೂ ನಾಲ್ಕು ತಿಂಗಳು ಮುಂಚೆ, 1941ರ ಆಗಸ್ಟ್‌ನಲ್ಲಿ, ಕಡ್ಡಾಯ ಸೈನಿಕ ಸೇವೆಯನ್ನು ಮುಂದುವರಿಸುವ ಮಸೂದೆ ಕೆಳಮನೆಯಲ್ಲಿ ಪಾಸಾಗಿದ್ದು 203ಕ್ಕೆ 202. ಒಂದೇ ಒಂದು ಮತ! ವಿರುದ್ಧ ಹಾಕಿದವರಲ್ಲಿ ರಿಪಬ್ಲಿಕನ್ನರೇ ಹೆಚ್ಚು. ಅದು ಬಿದ್ದಿದ್ದರೆ ಪರ್ಲ್ ಹಾರ್ಬರ್ ದಿನ ಅರ್ಧ ಸೇನೆ ಮನೆಗೆ ಹೊರಡುವ ತಯಾರಿಯಲ್ಲಿ ಇರುತ್ತಿತ್ತು. ತೆರಿಗೆ ಹೆಚ್ಚಾಯಿತು ಅಂತ ಅಳುವ ಮುಂಚೆ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು ತಾನೇ ಮೇಷ್ಟ್ರೇ?

ಟಾಫ್ಟ್ ಸಾಹೇಬರ ಬಗ್ಗೆಯೂ ಒಂದು ಮಾತು. ಯುರೋಪಿಗೆ ನಾಲ್ಕು ಡಿವಿಷನ್ ಸೇನೆ ಕಳಿಸಬೇಡಿ ಅಂತ 1951ರಲ್ಲಿ ತಿಂಗಳುಗಟ್ಟಲೆ ವಾದ ಮಾಡಿದ ಇದೇ ಮನುಷ್ಯ, ಅದೇ ವರ್ಷ ಕೊರಿಯಾದ ಯುದ್ಧವನ್ನು ಚೀನಾದವರೆಗೆ ಒಯ್ಯಬೇಕು ಅಂದ ಜನರಲ್ ಮೆಕಾರ್ಥರ್ ಬೆನ್ನಿಗೆ ನಿಂತರು. ಯುರೋಪಾದರೆ ಬೇಡ, ಏಷ್ಯಾ ಆದ್ರೆ ಬಾಂಬ್ ಹಾಕಬಹುದು. ಇದು ಯಾವ ಸಿದ್ಧಾಂತ?


ಹಳೇಪೇಟೆ_ಮೇಷ್ಟ್ರು:

ಲಿಂಡ್‌ಬರ್ಗ್ ಬಗ್ಗೆ ನಾನು ವಕಾಲತ್ತು ವಹಿಸಲ್ಲ. ಆ ಭಾಷಣ ಹೊಲಸು, ಅದು ಈ ಇಡೀ ಪರಂಪರೆಯ ಮೈಗೆ ಅಂಟಿಕೊಂಡು ಇವತ್ತಿಗೂ ಹೋಗಿಲ್ಲ, ಹೋಗಬಾರದು ಕೂಡ. ಮೆಕಾರ್ಥರ್ ವಿಷಯವೂ ಒಪ್ಪಿದೆ, ಟಾಫ್ಟ್ ಅಲ್ಲಿ ಕಾಲು ಜಾರಿದರು. ಆದ್ರೆ 1941ರಲ್ಲಿ ಸರಿ ಇದ್ದ ಉತ್ತರವನ್ನೇ 1965ರ ವಿಯೆಟ್ನಾಂಗೂ 2003ರ ಇರಾಕ್‌ಗೂ ಹಾಕಿ, ಪ್ರತಿಯೊಬ್ಬ ಎದುರಾಳಿಯನ್ನೂ ಹಿಟ್ಲರ್ ಅಂದಿದ್ದರ ಲೆಕ್ಕ ಯಾರು ಹಿಡೀತಾರೆ?


ಕಾವೇರಿ_ತೀರದ_ಸೊಸೆ:

ಜಗಳದ ಮಧ್ಯೆ ಬರ್ತಿದ್ದೀನಿ, ಬೈಬೇಡಿ. ಎಲ್ಲರೂ ಅಮೆರಿಕದಲ್ಲೇ ಸುತ್ತುತ್ತಿದ್ದೀರಿ. ಕನ್ಸರ್ವೇಟಿವ್ ಚಿಂತನೆಯ ಪಿತಾಮಹ ಅಂತ ಕರೆಸಿಕೊಳ್ಳುವ ಎಡ್ಮಂಡ್ ಬರ್ಕ್ ನಮ್ಮ ಹೈದರಾಲಿ ಬಗ್ಗೆ ಮಾತಾಡಿದ್ದಾನೆ, ಗೊತ್ತಾ?

ನಮ್ಮ ಅತ್ತೆ ಮನೆ ಶ್ರೀರಂಗಪಟ್ಟಣದ ಹತ್ತಿರ. ಕಾಲೇಜಿನಲ್ಲಿ ಈ ಭಾಷಣ ಪಾಠಕ್ಕಿತ್ತು, ಆಗ ಬರೀ ಇಂಗ್ಲಿಷ್ ಅಲಂಕಾರಕ್ಕೆ ಅಂತ ಓದಿದ್ದೆ. ಮದುವೆಯಾಗಿ ಬಂದ ಮೇಲೆ ಮತ್ತೆ ಓದಿದಾಗ ಬೇರೆಯೇ ಕಂಡಿತು.

1785ರ ಫೆಬ್ರವರಿ, ಲಂಡನ್ನಿನ ಪಾರ್ಲಿಮೆಂಟು. ವಿಷಯ ಆರ್ಕಾಟಿನ ನವಾಬನ ಸಾಲ. ಮದರಾಸಿನ ಈಸ್ಟ್ ಇಂಡಿಯಾ ಕಂಪನಿ ನೌಕರರು ನವಾಬನಿಗೆ ಭಾರಿ ಬಡ್ಡಿಗೆ ಸಾಲ ಕೊಟ್ಟಿದ್ದರು, ಅದನ್ನು ವಸೂಲಿ ಮಾಡಲು ಅಕ್ಕಪಕ್ಕದ ರಾಜ್ಯಗಳ ಮೇಲೆ ಕಣ್ಣು ಹಾಕುತ್ತಿದ್ದರು. ಹೈದರ್ ಜೊತೆ 1769ರಲ್ಲಿ ಒಪ್ಪಂದ ಮಾಡಿಕೊಂಡರು, ಒಬ್ಬರ ಮೇಲೆ ಯಾರಾದರೂ ಬಿದ್ದರೆ ಇನ್ನೊಬ್ಬರು ಸಹಾಯಕ್ಕೆ ಬರಬೇಕು ಅಂತ. ಮರಾಠರು ಬಂದಾಗ ಇವರು ಬರಲಿಲ್ಲ. ಆಮೇಲೆ 1779ರಲ್ಲಿ ಹೈದರ್ ರಕ್ಷಣೆಯಲ್ಲಿದ್ದ ಫ್ರೆಂಚರ ಬಂದರು ಮಾಹೆಯನ್ನೂ ಹಿಡಿದುಕೊಂಡರು. 1780ರಲ್ಲಿ ಹೈದರ್ ಘಟ್ಟ ಇಳಿದು ಕರ್ನಾಟಿಕ್ ಸೀಮೆಯನ್ನು ಸುಟ್ಟ. (ಈ ಕರ್ನಾಟಿಕ್ ಅಂದ್ರೆ ಈಗಿನ ತಮಿಳುನಾಡಿನ ಕಡೆ, ನಮ್ಮ ಕರ್ನಾಟಕ ಅಲ್ಲ. ಪ್ರತಿ ಸಲ ಯಾರಾದರೂ ಕೇಳ್ತಾರೆ.)

ಬರ್ಕ್ ಹೈದರನನ್ನು ಹೊಗಳಲ್ಲ. ಬೆಟ್ಟದ ಇಳಿಜಾರಿನಲ್ಲಿ ಕಪ್ಪು ಮೋಡ ಕಟ್ಟಿದ ಹಾಗೆ ನಿಂತು ಆಮೇಲೆ ಸುರಿದ ಅಂತ ಹೇಳುತ್ತಾನೆ, ಓದಿದರೆ ಮೈ ಜುಂ ಅನ್ನುತ್ತದೆ. ಆದ್ರೆ ತಪ್ಪು ಹೊರಿಸುವುದು ಯಾರ ಮೇಲೆ? ಸಹಿ ಹಾಕಿದರೂ ಮಾತಿಗೆ ನಿಲ್ಲದ ಕಂಪನಿ ಜನರ ಮೇಲೆ. ದೂರದ ದೇಶದಲ್ಲಿ ಕೈ ಹಾಕಿ ದುಡ್ಡು ಮಾಡಿದವರು ವಾಪಸ್ ಬಂದು ಪಾರ್ಲಿಮೆಂಟ್ ಸೀಟನ್ನೇ ಕೊಳ್ಳುತ್ತಾರೆ, ಅಲ್ಲಿ ಕೆಟ್ಟಿದ್ದು ಇಲ್ಲಿಗೂ ಬರುತ್ತದೆ ಅನ್ನುವುದು ಅವನ ಸಂಕಟ. ಮೇಷ್ಟ್ರು ಹೇಳಿದ ಆಡಮ್ಸ್ ಭಯಕ್ಕೂ ಇದಕ್ಕೂ ಎಷ್ಟು ಹತ್ತಿರ ನೋಡಿ.

ಆದ್ರೆ ಬರ್ಕ್‌ನನ್ನು ಪೂರ್ತಿ ಈ ಕಡೆ ಎಳೆದುಕೊಳ್ಳೋಕೆ ಆಗಲ್ಲ. ಫ್ರೆಂಚ್ ಕ್ರಾಂತಿ ಬಂದಿದ್ದೇ ತಡ, ಅದನ್ನು ಯುದ್ಧ ಮಾಡಿ ಅಳಿಸಲೇಬೇಕು ಅಂತ ಕೂತ. ವಾಷಿಂಗ್ಟನ್ ವಿದಾಯ ಪತ್ರ ಬಂದ 1796ರಲ್ಲೇ ಬರ್ಕ್, ರಾಜನನ್ನು ಕೊಂದ ಆ ಫ್ರೆಂಚ್ ಕ್ರಾಂತಿಕಾರರ ಜೊತೆ ಶಾಂತಿ ಬೇಡ ಅಂತ ಪತ್ರಗಳನ್ನು ಅಚ್ಚು ಹಾಕಿಸಿದ. ಒಂದೇ ವರ್ಷ, ಒಂದೇ ಫ್ರಾನ್ಸ್. ಒಬ್ಬ ದೂರ ಇರಿ ಅಂದ, ಇನ್ನೊಬ್ಬ ಬಿಡಬೇಡಿ ಅಂದ. ನಿಮ್ಮ ಭಾವನ ಟಾಫ್ಟ್ ಒಂದು ಬೇರಿನಿಂದ ಬಂದವನು, ನೀವು ಟಿವಿಯಲ್ಲಿ ನೋಡಿದ ಬುಷ್ ಕಡೆಯವರು ಇನ್ನೊಂದರಿಂದ ಅಂತ ನನಗನ್ನಿಸುತ್ತೆ. ಇಬ್ಬರೂ ಕನ್ಸರ್ವೇಟಿವ್‌ಗಳೇ.


ಕಾಫಿ_ಕಡುಕಪ್ಪು:

ಅಕ್ಕ, ಹೈದರಾಲಿ ಈ ಚರ್ಚೆಗೆ ಬರ್ತಾನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಥ್ಯಾಂಕ್ಸ್.

ಒಂದು ಉಳೀತು. ಇಷ್ಟು ಗಟ್ಟಿ ಇದ್ದವರು ಎಲ್ಲಿ ಮಾಯವಾದರು? ಮತ್ತೆ, ಇದು ನೆಹರೂ ಅವರ ಅಲಿಪ್ತ ನೀತಿ ತರಹವೇ ಅಲ್ವಾ?


ಪೊಟೊಮ್ಯಾಕ್_ದಡ:

ಅಲಿಪ್ತ ನೀತಿ ಜೊತೆ ಸೇರಿಸಬೇಡಿ. ನೆಹರೂ ಯಾವ ಬಣಕ್ಕೂ ಸೇರಲ್ಲ ಅಂದರು, ಆದ್ರೆ ಕೊರಿಯಾದ ಕೈದಿಗಳ ವಿನಿಮಯದಿಂದ ಸೂಯೆಜ್‌ವರೆಗೆ ಎಲ್ಲದರಲ್ಲೂ ಮಧ್ಯಸ್ಥಿಕೆಗೆ ಮುಂದೆ ಇದ್ದರು, ವಿಶ್ವಸಂಸ್ಥೆ ಅಂದ್ರೆ ಅವರಿಗೆ ಪ್ರಾಣ. ಈ ಹಳೇ ಬಲಪಂಥದವರಿಗೆ ವಿಶ್ವಸಂಸ್ಥೆ ಅಂದ್ರೆ ಅನುಮಾನ.

ಮಾಯವಾಗಿದ್ದು ಎರಡು ಹೊಡೆತಕ್ಕೆ. 1952ರಲ್ಲಿ, ಅಧ್ಯಕ್ಷ ಅಭ್ಯರ್ಥಿಯನ್ನು ಆರಿಸುವ ರಿಪಬ್ಲಿಕನ್ನರ ಷಿಕಾಗೋ ಸಮಾವೇಶದಲ್ಲಿ ಟಾಫ್ಟ್ ಐಸೆನ್‌ಹೋವರ್‌ಗೆ ಸೋತರು. ಸೋಲಿಸಿದವರು ನೇಟೋ ಸೇನೆಯ ಮೊದಲ ದಂಡನಾಯಕ, ಅದನ್ನೂ ಗಮನಿಸಿ. ಮುಂದಿನ ವರ್ಷ ಟಾಫ್ಟ್ ಕ್ಯಾನ್ಸರ್‌ನಿಂದ ತೀರಿಕೊಂಡರು. 1955ರಲ್ಲಿ ವಿಲಿಯಂ ಬಕ್ಲಿ ನ್ಯಾಷನಲ್ ರಿವ್ಯೂ ಪತ್ರಿಕೆ ಶುರು ಮಾಡಿದ ಮೇಲೆ ಬಲಪಂಥದ ಮೊದಲ ಕೆಲಸ ಕಮ್ಯುನಿಸಂ ವಿರುದ್ಧ ಹೋರಾಟ ಅಂತಾಯಿತು. ಅದಕ್ಕೆ ದೊಡ್ಡ ಸರ್ಕಾರ ಬೇಕಾದರೆ ಸದ್ಯಕ್ಕೆ ಸಹಿಸಿಕೊಳ್ಳಬೇಕು ಅಂತ ಬಕ್ಲಿ 1952ರಲ್ಲೇ ಬರೆದಿದ್ದ. ಆ "ಸದ್ಯಕ್ಕೆ" ನಲವತ್ತು ವರ್ಷ ಎಳೆಯಿತು.

ಸೋವಿಯತ್ ಬಿದ್ದ ಮೇಲೆ ಹಳಬರು ಮತ್ತೆ ತಲೆ ಎತ್ತಿದರು. 1992ರಲ್ಲಿ ಪ್ಯಾಟ್ ಬುಕಾನನ್ ನ್ಯೂ ಹ್ಯಾಂಪ್‌ಷೈರ್‌ನಲ್ಲಿ ಪಕ್ಷದ ಅಭ್ಯರ್ಥಿ ಆಯ್ಕೆಯ ಚುನಾವಣೆಗೆ, ಆಗಿನ ಹಾಲಿ ಅಧ್ಯಕ್ಷ ದೊಡ್ಡ ಬುಷ್ (2003ರ ಬುಷ್ ಅವರ ಅಪ್ಪ) ವಿರುದ್ಧ ನಿಂತು ಸುಮಾರು ಶೇ. 37 ಮತ ತೆಗೆದರು. 2002ರಲ್ಲಿ ಇರಾಕ್ ಮತ ಬಂದಾಗ ಕೆಳಮನೆಯ ರಿಪಬ್ಲಿಕನ್ನರಲ್ಲಿ ಬೇಡ ಅಂದವರು ಆರೇ ಆರು ಜನ. ಅವರಲ್ಲಿ ಒಬ್ಬರು ಟೆಕ್ಸಾಸ್‌ನ ಡಾಕ್ಟರ್, ರಾನ್ ಪಾಲ್. 2007ರಲ್ಲಿ ಸೌತ್ ಕ್ಯಾರೊಲೈನಾದ ಚರ್ಚೆಯಲ್ಲಿ ಇವರು ಟಾಫ್ಟ್ ಹೆಸರು ಹಿಡಿದು, ಅವರಿಗೆ ನೇಟೋ ಕೂಡ ಬೇಡವಾಗಿತ್ತು ಅಂತ ಹೇಳಿದ್ದರು. ನಿಮ್ಮ ಭಾವ ಡಲ್ಲಾಸ್‌ನವರು ಅಂದಿರಲ್ಲ, ಈ ಮಾತು ಅವರಿಗೆ ಎಲ್ಲಿಂದ ಸಿಕ್ಕಿತು ಅಂತ ನನಗೆ ಗುಮಾನಿ.


ನೇರ_ಮಾತು:

ಮತ್ತೆ ಟ್ರಂಪ್? 2016ರಲ್ಲಿ ಇರಾಕ್ ಯುದ್ಧ ದೊಡ್ಡ ತಪ್ಪು ಅಂತ ರಿಪಬ್ಲಿಕನ್ ವೇದಿಕೆ ಮೇಲೆಯೇ ಹೇಳಿ ಗೆದ್ದರು, ಅಮೆರಿಕ ಫಸ್ಟ್ ಅಂತ ಹಳೇ ಬೋರ್ಡನ್ನೇ ಹಾಕಿಕೊಂಡರು. 2020ರಲ್ಲಿ ಇರಾನಿನ ಸೇನಾ ಜನರಲ್ ಸುಲೇಮಾನಿಯನ್ನು ಕೊಲ್ಲಿಸಿದರು. 2025ರ ಜೂನ್‌ನಲ್ಲಿ ಇರಾನಿನ ಅಣು ಕೇಂದ್ರಗಳ ಮೇಲೆ ಬಾಂಬ್. ಎರಡಕ್ಕೂ ಕಾಂಗ್ರೆಸ್ಸಿನ ಮತ ಕೇಳಲಿಲ್ಲ. ಟಾಫ್ಟ್ ಗಂಟೆ ಆ ದಿನ ಜೋರಾಗಿ ಬಾರಿಸಿತಾ ಪೊಟೊಮ್ಯಾಕ್ ಅವರೇ?


ಪೊಟೊಮ್ಯಾಕ್_ದಡ:

ಎಂದಿನ ಹಾಗೆ, ಕಾಲು ಗಂಟೆಗೊಮ್ಮೆ. ಯಾರೂ ತಲೆ ಎತ್ತಲಿಲ್ಲ.


ಕಾವೇರಿ_ತೀರದ_ಸೊಸೆ:

ಹೋಗುವ ಮುಂಚೆ ಒಬ್ಬ ಹೆಂಗಸಿನ ಹೆಸರು ಸೇರಿಸ್ತೀನಿ, ಇಷ್ಟು ಹೊತ್ತು ಬರೀ ಗಂಡಸರೇ. ಮೊಂಟಾನಾದ ಜೆನೆಟ್ ರಾಂಕಿನ್, ಕಾಂಗ್ರೆಸ್ಸಿಗೆ ಗೆದ್ದ ಮೊದಲ ಮಹಿಳೆ. ರಿಪಬ್ಲಿಕನ್, ಆದ್ರೆ ಕನ್ಸರ್ವೇಟಿವ್ ಅನ್ನೋಕೆ ಆಗಲ್ಲ, ನಿಜವಾದ ಶಾಂತಿವಾದಿ. 1917ರಲ್ಲಿ ಮೊದಲ ಮಹಾಯುದ್ಧಕ್ಕೆ ಕೆಳಮನೆಯಲ್ಲಿ ಬೇಡ ಅಂದವರು 50 ಜನ, ಅದರಲ್ಲಿ ಇವರು ಒಬ್ಬರು. 1941ರಲ್ಲಿ ಜಪಾನ್ ಮೇಲೆ ಯುದ್ಧಕ್ಕೆ 388 ಜನ ಹೌದು ಅಂದಾಗ ಬೇಡ ಅಂದಿದ್ದು ಇವರೊಬ್ಬರೇ. ಜನ ಎಷ್ಟು ಕೆರಳಿದರು ಅಂದ್ರೆ ಫೋನ್ ಬೂತ್ ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡು ಪೊಲೀಸರು ಬರುವವರೆಗೆ ಕಾಯಬೇಕಾಯಿತು. ಕಾಫಿಯವರೇ, ನೀವು ಗಾಂಧಿ ತರಹವಾ ಅಂತ ಕೇಳಿದ್ರಲ್ಲ, ಆ ಪ್ರಶ್ನೆಗೆ ಹೌದು ಅನ್ನಬಹುದಾದವರು ಇವರು. ಗಾಂಧೀಜಿ ದಾರಿ ತಿಳಿಯಬೇಕು ಅಂತ ಆಮೇಲೆ ಭಾರತಕ್ಕೆ ಹಲವು ಸಲ ಬಂದು ಹೋಗಿದ್ದಾರೆ.


ಕಾಫಿ_ಕಡುಕಪ್ಪು:

ಭಾವನಿಗೆ ಈ ಲಿಂಕ್ ಕಳಿಸಿದೆ. "ಲಿಂಡ್‌ಬರ್ಗ್ ವಿಷಯ ಯಾರು ಹೇಳಿದ್ದು" ಅಂತ ಮಾತ್ರ ಕೇಳಿದ್ದಾರೆ. ನೇರ_ಮಾತು ಅವರೇ, ದೀಪಾವಳಿ ದಿನ ಕಾಲ್‌ಗೆ ನೀವೂ ಬರ್ತೀರಾ?